ಹಿಮದ ನಾಡಿನ ಗುಲಾಬಿ

ಮನೆಯ ಗೋಡೆಯನ್ನೇರಿ, ಬಾಗಿಲ ಕಮಾನನ್ನು ಬಳಸಿ, ಮೈತುಂಬ ಹೂ ಹೊತ್ತು ನಿಂತ ಬಳ್ಳಿಗುಲಾಬಿಯನ್ನು ಕಂಡು ಸಂತೋಷಪಡದವರು ವಿರಳ. ಆದರೆ ಕೆನಡಾ ದೇಶದ ರಾಜಧಾನಿಯಾದ ಒಟ್ಟಾವದಂತಹ ಊರಿನಲ್ಲಿ ಈ ಸಂತೋಷ ಸುಲಭವಾಗಿ ದೊರೆಯುವಂಥದಲ್ಲ. ಅಲ್ಲಿ ಚಳಿಗಾಲದಲ್ಲಿ ನೆಲವು ತಿಂಗಳುಗಟ್ಟಲೆ ಹಿಮದಡಿಯಲ್ಲಿರುತ್ತದೆ. ಕೆಲವು ವರ್ಷಗಳಲ್ಲಿ ಉಷ್ಣತೆಯು ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗಿಳಿಯುವುದೂ ಉಂಟು.

ಪೊದೆಯಾಗಿ ಬೆಳೆಯುವ ಅನೇಕ ಗುಲಾಬಿಗಳು ಈ ಆಪತ್ತನ್ನು ಹೇಗೋ ದಾಟುತ್ತವೆ. ರೆಂಬೆಗಳು ಸತ್ತರೂ ಹಿಮದ ಹೊದಿಕೆಯಡಿ ಬುಡವು ಉಳಿದಿದ್ದರೆ, ಅವು ವಸಂತದಲ್ಲಿ ಮತ್ತೆ ಚಿಗುರಿ ಅದೇ ಬೇಸಗೆಯಲ್ಲಿ ಹೂ ಬಿಡಬಲ್ಲವು. ಬಳ್ಳಿಗುಲಾಬಿಯ ಪಾಡು ಬೇರೆ. ಅದು ಎತ್ತರಕ್ಕೇರಬೇಕಾದರೆ ಹಳೆಯ ಕಾಂಡಗಳು ಬದುಕಿ ಉಳಿಯಬೇಕು. ಹಲವು ತಳಿಗಳಲ್ಲಿ ಹೂ ಬರುವುದೂ ಹಿಂದಿನ ವರ್ಷದ ಕಾಂಡಗಳಿಂದಲೇ. ಹಿಮದ ಮೇಲೆ ಗಾಳಿಗೆ ಮೈಯೊಡ್ಡಿದ ಆ ಕಾಂಡಗಳು ಪ್ರತಿವರ್ಷವೂ ಸಾಯುವುದಾದರೆ ಬಳ್ಳಿಯು ಗೋಡೆಯನ್ನೇರುವುದೆಂದು?

ಆದುದರಿಂದ ಚಳಿನಾಡಿನ ತೋಟಗಾರರು ಚಳಿಗಾಲಕ್ಕೆ ಮುನ್ನ ಬಳ್ಳಿಯನ್ನು ಆಸರೆಯಿಂದ ಬಿಡಿಸಿ, ನೆಲಕ್ಕೆ ಬಾಗಿಸಿ, ಮಣ್ಣು ತರಗೆಲೆಗಳಿಂದ ಮುಚ್ಚುವ ಪದ್ಧತಿಯನ್ನು ಕಂಡುಕೊಂಡರು. ಮುಳ್ಳಿನ ಕಾಂಡಗಳನ್ನು ವರ್ಷವರ್ಷವೂ ಹೂಳಿ ಮತ್ತೆ ತೆಗೆಯುವುದು ಸಣ್ಣ ಶ್ರಮವಲ್ಲ. ಗಿಡವನ್ನು ಚಳಿಯಿಂದ ಮರೆಮಾಡುವ ಬದಲು, ಚಳಿಯನ್ನು ತಾಳುವ ಗಿಡವನ್ನೇ ಪಡೆಯಬಾರದೇಕೆ?

ಈ ಪ್ರಶ್ನೆಗೆ ಉತ್ತರವನ್ನರಸಿದವರಲ್ಲಿ ಫೆಲಿಸಿಟಾಸ್ ಸ್ವೇಡಾ ಪ್ರಮುಖರು. ಆಸ್ಟ್ರಿಯದಲ್ಲಿ ಜನಿಸಿ ಕೆನಡಾಕ್ಕೆ ಬಂದ ಈ ವಿಜ್ಞಾನಿ 1961ರಲ್ಲಿ ಒಟ್ಟಾವದ ಸರಕಾರಿ ಕೃಷಿಕ್ಷೇತ್ರದಲ್ಲಿ ಗುಲಾಬಿಯ ಹೊಸ ತಳಿಗಳನ್ನು ರೂಪಿಸುವ ಕಾರ್ಯವನ್ನು ಕೈಗೊಂಡರು. ಜರ್ಮನಿಯ ವಿಲ್ಹೆಲ್ಮ್ ಕೋರ್ಡೆಸ್ ಎಂಬವರ ತೋಟದಲ್ಲಿ ಹುಟ್ಟಿದ್ದ ಗಟ್ಟಿ ಜಾತಿಯ ಗುಲಾಬಿಯನ್ನು ಇತರ ತಳಿಗಳೊಡನೆ ಸಂಕರಗೊಳಿಸಿ, ಹುಟ್ಟಿದ ಸಸಿಗಳನ್ನು ಚಳಿಗಾಲದಲ್ಲಿ ಬಯಲಿನಲ್ಲಿಯೇ ಬಿಟ್ಟು ಪರೀಕ್ಷಿಸಿದರು. ಬದುಕಿದವುಗಳಲ್ಲಿ ಉತ್ತಮವಾದುವನ್ನು ಆಯ್ದರು. ಹೀಗೆ 1978ರಲ್ಲಿ ‘ಜಾನ್ ಕ್ಯಾಬಟ್’, 1983ರಲ್ಲಿ ‘ವಿಲಿಯಂ ಬ್ಯಾಫಿನ್’ ಎಂಬ ಬಳ್ಳಿಗುಲಾಬಿಗಳು ಹೊರಬಂದವು. ಇವು ಉತ್ತರ ಅಮೆರಿಕದ ತೀರಗಳನ್ನು ಶೋಧಿಸಿದ ನಾವಿಕರ ಹೆಸರುಗಳು. ‘ವಿಲಿಯಂ ಬ್ಯಾಫಿನ್’ ಸುಮಾರು 3 ಮೀಟರು ಎತ್ತರಕ್ಕೇರಿ ಗಾಢ ಗುಲಾಬಿ ಬಣ್ಣದ ಗೊಂಚಲುಗಳನ್ನು ತಳೆಯುತ್ತದೆ. ಅದರ ಪರಿಮಳವಾದರೋ ಅತ್ಯಲ್ಪ. ಎಲ್ಲ ಗುಣಗಳನ್ನೂ ಒಂದೇ ಗಿಡದಲ್ಲಿ ಬಯಸುವುದು ತರವಲ್ಲ.

ಗಿಡವನ್ನು ಆಯ್ದ ಮಾತ್ರಕ್ಕೆ ಕೆಲಸ ಮುಗಿಯದು. ಕಸಿ ಮಾಡಿದ ಗಿಡದಲ್ಲಿ ಕಸಿಯ ಮೇಲ್ಭಾಗ ಸತ್ತರೆ, ಬುಡದಿಂದ ಚಿಗುರುವುದು ಬೇರೆಯೇ ಗುಲಾಬಿ. ಸ್ವಂತ ಬೇರಿನ ಗಿಡವಾದರೆ ಅದೇ ತಳಿ ಮರಳಿ ಚಿಗುರುತ್ತದೆ. ಗುಲಾಬಿಯು ಹಾಗಲಬಳ್ಳಿಯಂತೆ ಕುಡಿ ಚಾಚಿ ಆಸರೆಯನ್ನು ಸುತ್ತಿ ಹಿಡಿಯಲಾರದು, ಅದನ್ನು ಕಟ್ಟಬೇಕು. ನೆಟ್ಟಗೆ ಕಟ್ಟಿದರೆ ಹೂಗಳು ತುದಿಯಲ್ಲಿ ಮಾತ್ರ. ಅಡ್ಡಲಾಗಿ ಬಾಗಿಸಿ ಕಟ್ಟಿದರೆ ಕಾಂಡದುದ್ದಕ್ಕೂ ಹೂರೆಂಬೆಗಳು ಒಡೆಯುತ್ತವೆ. ಬೇಸಗೆಯ ಕೊನೆಯಲ್ಲಿ ಗೊಬ್ಬರವನ್ನು ನಿಲ್ಲಿಸಬೇಕು. ಇಲ್ಲವಾದರೆ ಬಲಿಯದ ಎಳೆಚಿಗುರುಗಳು ಮೊದಲ ಹಿಮಕ್ಕೇ ಬಲಿಯಾಗುತ್ತವೆ.

ಹಿಮ ಕರಗಿದ ಮೇಲೆ ತೋಟಗಾರನು ಕಾಂಡದ ತೊಗಟೆಯನ್ನು ಉಗುರಿನಿಂದ ಮೆಲ್ಲನೆ ಕೆರೆದು ನೋಡುತ್ತಾನೆ. ಒಳಗೆ ಕಂದು ಕಂಡರೆ ಆ ಭಾಗ ಸತ್ತಿದೆ; ಹಸುರು ಕಂಡರೆ ಜೀವವಿದೆ. ಚಿತ್ರದ ಚೆಲುವಿಗೆ ಮರುಳಾಗಿ ಗಿಡ ತಂದವನ ಕೈ ಆಗ ಅಳುಕುತ್ತದೆ. ತನ್ನ ನೆಲವನ್ನೂ ತನ್ನ ಚಳಿಯನ್ನೂ ಅರಿತು ಆಯ್ದವನು ಆ ಹಸುರನ್ನು ಕಂಡು, ಬಳ್ಳಿಯನ್ನು ಮತ್ತೆ ಕಮಾನಿಗೆ ಕಟ್ಟುವ ಕೆಲಸಕ್ಕೆ ತೊಡಗುತ್ತಾನೆ.