ಎರಡು ಅರ್ಜಿಗಳು

ಬೋಳಾರದ ನಮ್ಮ ಓಣಿಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಈ ಹೆಗ್ಗಳಿಕೆಗೆ ತೆರಬೇಕಾದ ತೆರಿಗೆಯೊಂದಿದೆ: ಯಾರಿಗೆ ಯಾವ ಅರ್ಜಿ ಬೇಕಾದರೂ ಬರೆದುಕೊಡುವ ಹೊಣೆ ನನ್ನದು. ಪಡಿತರ ಚೀಟಿ, ವಿಧವಾ ವೇತನ, ಬೀಡಿ ಕಟ್ಟುವವರ ಭವಿಷ್ಯನಿಧಿ, ನಳ್ಳಿನೀರಿನ ಬಿಲ್ಲು, ಹೀಗೆ ಒಂದೊಂದಕ್ಕೂ ಒಂದೊಂದು ಒಕ್ಕಣೆ. 'ಮಾನ್ಯರೇ' ಎಂದು ತೊಡಗಿ 'ತಮ್ಮ ವಿಧೇಯ' ಎಂದು ಮುಗಿಸಿದರೆ ಕೆಲಸವಾಯಿತೆಂದು ನಮ್ಮವರ ನಂಬಿಕೆ. ನನ್ನ ತಾಯಿಯಂತೂ ಬೀಡಿ ಕಟ್ಟುತ್ತಲೇ "ಇನ್ನೂ ಸ್ವಲ್ಪ ಗಟ್ಟಿಯಾಗಿ ಬರೆ" ಎಂದು ಸಲಹೆ ಕೊಡುವುದುಂಟು. ಅಕ್ಷರ ಬಾರದವರಿಗೆ ಅಕ್ಷರದ ಮೇಲಿರುವ ಭರವಸೆ ಅದನ್ನು ಬಲ್ಲ ನಮಗಿದೆಯೇ ಎಂದು ನನಗೆ ಸಂದೇಹ.

ನೆರೆಮನೆಯ ಅಜ್ಜಿ ಒಂದು ಸಂಜೆ ತಂದ ಕಾಗದ ಮಾತ್ರ ಈ ಬಗೆಯದಲ್ಲ. ಅವರ ಮಗ ಕೂಲಿಗೆಂದು ಸಂಸಾರ ಸಮೇತ ಪರವೂರಿಗೆ ಹೋಗಿದ್ದ. ಅಲ್ಲಿನ ಮಕ್ಕಳ ಕಲ್ಯಾಣ ಸಮಿತಿಯು ಅವನ ಮಗುವನ್ನು ಬಾಲಮಂದಿರದಲ್ಲಿರಿಸಬೇಕೆಂದು ಆದೇಶ ಮಾಡಿತ್ತು. ಯಾವ ಊರು, ಏನು ಕಾರಣ ಎಂಬುದನ್ನು ಇಲ್ಲಿ ಬರೆಯಲಾರೆ. ಮಗುವಿನ ಗುರುತು ಹೊರಬೀಳಬಾರದೆಂದು ಕಾನೂನೇ ವಿಧಿಸಿದೆ, ಅದು ಒಳ್ಳೆಯದೇ. ಅಜ್ಜಿಗಿದ್ದ ಸಂಕಟ ಎರಡು. ಮಗುವನ್ನು ತಮ್ಮ ಕೈಗೆ ಕೊಡಲಿಲ್ಲವೆಂಬುದು ಒಂದು. ಎರಡು ಸಲ ಬಸ್ಸು ಹತ್ತಿ ಹೋದಾಗಲೂ ಸಂಜೆಯವರೆಗೆ ಹೊರಗಿನ ಬೆಂಚಿನ ಮೇಲೆ ಕೂರಿಸಿ, ತಮ್ಮ ಮಾತನ್ನು ಕೇಳದೆಯೇ ಕಳುಹಿಸಿದರೆಂಬುದು ಇನ್ನೊಂದು.

"ಮಗಾ, ಡೀಸಿಯವರಿಗೆ ಒಂದು ದೂರು ಬರೆ. ಅವರು ದೊಡ್ಡವರು. ಒಂದು ಮಾತು ಹೇಳಿದರೆ ಮಗು ನಾಳೆಯೇ ಬರುತ್ತದೆ."

ಬರೆಯುವ ಮೊದಲು ಅವರನ್ನು ಮಂಗಳೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕರೆದುಕೊಂಡು ಹೋದೆ. 1987ರ ಕಾಯ್ದೆಯಂತೆ ಹೆಂಗಸರಿಗೂ ಮಕ್ಕಳಿಗೂ ವರಮಾನ ಎಷ್ಟೆಂದು ಕೇಳದೆ ಅಲ್ಲಿ ವಕೀಲರ ನೆರವು ಪುಕ್ಕಟೆ. ಅಲ್ಲಿದ್ದ ವಕೀಲೆಯೊಬ್ಬರು ಕಾಗದವನ್ನು ಕೈಗೆತ್ತಿಕೊಂಡು ಮೊದಲು ನೋಡಿದ್ದು ಅದರ ದಿನಾಂಕವನ್ನು. ಆದೇಶವಾಗಿ 22 ದಿನ ಕಳೆದಿತ್ತು.

ಅವರು ತಿಳಿಸಿದ್ದಿಷ್ಟು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಈ ಸಮಿತಿ ಬರಿಯ ಕಚೇರಿಯಲ್ಲ. ಅಧ್ಯಕ್ಷರೂ ನಾಲ್ವರು ಸದಸ್ಯರೂ ಕೂಡಿದ ಪೀಠ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರ ಅದಕ್ಕುಂಟು. ಸಮಿತಿ ನಡೆದುಕೊಂಡ ರೀತಿಯ ಮೇಲೆ ದೂರಿದ್ದರೆ 27ನೆಯ ಕಲಮಿನಂತೆ ಜಿಲ್ಲಾಧಿಕಾರಿಗಳಿಗೆ ಕೊಡಬಹುದು; 2021ರ ತಿದ್ದುಪಡಿ ಇದನ್ನು ಇನ್ನಷ್ಟು ಬಿಡಿಸಿ ಹೇಳಿದೆ. ಆದರೆ ಇಂಥ ಆದೇಶವೇ ಸರಿಯಲ್ಲ ಎನ್ನುವವರು 101ನೆಯ ಕಲಮಿನಂತೆ 30 ದಿನಗಳೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಬೇಕು. ಅಲ್ಲಿ ತೀರ್ಮಾನವಾದರೆ ಎರಡನೆಯ ಮೇಲ್ಮನವಿಯಿಲ್ಲ. ಹೈಕೋರ್ಟಿನ ಮುಂದೆ ಪುನರ್‌ಪರಿಶೀಲನೆ ಕೇಳಬಹುದು, ಅಷ್ಟೇ.

"ಹಾಗಾದರೆ ಡೀಸಿಯವರಿಗೂ ಆಗದೇ?" ಎಂದು ಅಜ್ಜಿ ನನ್ನ ಮುಖ ನೋಡಿದರು.

ಆಗಬಾರದು ಎಂದೇ ನನ್ನ ಅಭಿಪ್ರಾಯ. ಒಂದು ದೂರಿನಿಂದ ಮಗು ಅಜ್ಜಿಯ ಮನೆಗೆ ಬರುವುದಾದರೆ, ಇನ್ನೊಂದು ದೂರಿನಿಂದ ಮತ್ತೊಂದು ಮಗು ಅದನ್ನು ಹೊಡೆದವನ ಮನೆಗೂ ಹೋದೀತು. ಅಜ್ಜಿಯ ಕೈಯಲ್ಲಿರುವುದು ಒಂದು ಕಾಗದ. ವಶೀಲಿ ಇದ್ದವನ ಕೈಯಲ್ಲಿರುವುದು ಟೆಲಿಫೋನು. ಯಾರದು ಬೇಗ ತಲಪುತ್ತದೆಂದು ಓದುಗರಿಗೆ ನಾನು ಹೇಳಬೇಕೆ? ನಾರ್ವೆಯಲ್ಲಿ 2011ರಲ್ಲಿ ಬಂಗಾಳಿ ದಂಪತಿಗಳ ಇಬ್ಬರು ಮಕ್ಕಳನ್ನು ಅಲ್ಲಿನ ಅಧಿಕಾರಿಗಳು ಒಯ್ದ ಸಂಗತಿ 2023ರಲ್ಲಿ ಸಿನಿಮಾ ಕೂಡ ಆಯಿತು. ಭಾರತ ಸರಕಾರವೇ ನಡುವೆ ಬಂದು ಮಾತಾಡಿತ್ತು. 2012ರಲ್ಲಿ ಮಕ್ಕಳು ಚಿಕ್ಕಪ್ಪನ ವಶದಲ್ಲಿ ಊರಿಗೆ ಬಂದರು. ತಾಯಿಯ ಮಡಿಲು ಸೇರಿದ್ದು ಮಾತ್ರ 2013ರ ಜನವರಿಯಲ್ಲಿ, ಕಲ್ಕತ್ತಾ ಹೈಕೋರ್ಟು ಹೇಳಿದ ಮೇಲೆ.

ನನಗೆ ಸಿಟ್ಟು ಬಂದದ್ದು ಬೇರೆಯ ವಿಷಯಕ್ಕೆ. ಅಜ್ಜಿಯ ಕೈಗೆ ಬಂದ ಕಾಗದದಲ್ಲಿ ಎಲ್ಲಿಗೆ ಹೋಗಬೇಕು, ಎಷ್ಟು ದಿನದೊಳಗೆ ಹೋಗಬೇಕು ಎಂಬ ಒಂದು ಸಾಲೂ ಇರಲಿಲ್ಲ. ದಿನಗಳ ಲೆಕ್ಕ ಆದೇಶದ ದಿನದಿಂದಲೇ ಓಡುತ್ತದೆ. ಓದಲು ಬಾರದವರಿಗಾಗಿ ಅದು ನಿಲ್ಲುವುದಿಲ್ಲ. ತಡವಾದುದಕ್ಕೆ ತಕ್ಕ ಕಾರಣವಿದ್ದರೆ ನ್ಯಾಯಾಲಯ ಮನ್ನಿಸಬಹುದಂತೆ. ಆ ಕಾರಣವನ್ನು ಹೇಳಿಕೊಳ್ಳುವುದಕ್ಕೂ ಮತ್ತೊಂದು ಅರ್ಜಿ ಬೇಕಲ್ಲ!

ಕೊನೆಗೆ ಎರಡು ಅರ್ಜಿಗಳಾದವು. ದೂರನ್ನು ನಾನೇ ಬರೆದೆ: ಹೋದ ದಿನಾಂಕ, ಕೂತ ಹೊತ್ತು, ಕೇಳದೆ ಬಿಟ್ಟ ಮಾತು. ಮಗುವನ್ನು ಕೊಡಿಸಿರೆಂದು ಅದರಲ್ಲಿ ಬರೆಯಲಿಲ್ಲ. ಮೇಲ್ಮನವಿಯನ್ನು ವಕೀಲೆ ಸಿದ್ಧಪಡಿಸಿದರು. ಹೆಬ್ಬೆಟ್ಟು ಒತ್ತುವ ಮುನ್ನ ಅಜ್ಜಿ, "ಕತ್ತಲೆಯಲ್ಲಿ ಮಲಗಿಸಿದರೆ ಮಗು ಹೆದರುತ್ತದೆಂದು ಇದರಲ್ಲಿ ಬರೆದಿದೆಯೋ?" ಎಂದು ಕೇಳಿದರು. ವಕೀಲೆ ಒಂದು ಗಳಿಗೆ ಸುಮ್ಮನಿದ್ದು, ಮಗುವನ್ನು ಈವರೆಗೆ ಸಾಕಿದವರಾರು ಎಂಬ ಪ್ಯಾರಾದ ಕೆಳಗೆ ಅದನ್ನೂ ಸೇರಿಸಿದರು. ಆ ಊರಿನ ವಕೀಲರ ಮೂಲಕ 27ನೆಯ ದಿನ ಅದು ನ್ಯಾಯಾಲಯ ಸೇರಿತು. ಮುಂದಿನ ವಾಯಿದೆ ನನ್ನ ಕೊನೆಯ ಪರೀಕ್ಷೆಯ ಮರುದಿನ. ಬೆಳಗಿನ ಮೊದಲ ಬಸ್ಸಿಗೆ ಅಜ್ಜಿಯೊಡನೆ ಹೋಗಬೇಕು.