ಬಯಲನ್ನು ಹೆಣೆಯುವ ಕೈ

ಬಟ್ಟೆಯೆಂದರೆ ಮೈಯನ್ನು ಮುಚ್ಚುವಂಥದ್ದು ಎಂಬುದು ಲೋಕರೂಢಿಯ ಮಾತು. ನೂಲು ಒತ್ತಾದಷ್ಟೂ ಬಟ್ಟೆ ಗಟ್ಟಿ, ಬಟ್ಟೆ ಗಟ್ಟಿಯಾದಷ್ಟೂ ಬೆಲೆ ಹೆಚ್ಚು ಎಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಉಣ್ಣೆಯ ಜಾಲರಿ ಶಾಲು ಈ ರೂಢಿಗೆ ಹೊರತಾದುದು. ಅದನ್ನು ಬೆಳಕಿಗೆ ಹಿಡಿದಾಗ ಕಣ್ಣು ಮೊದಲು ಕಾಣುವುದು ನೂಲನ್ನಲ್ಲ, ನೂಲಿಲ್ಲದ ತಾಣಗಳನ್ನು. ಎಲೆ, ಬಳ್ಳಿ, ಹೂವುಗಳ ಆಕಾರಗಳೆಲ್ಲವೂ ಆ ತೆರವುಗಳಿಂದಲೇ ಮೂಡಿರುತ್ತವೆ. ಹಾಗಾದರೆ ಹೆಣೆಯುವವಳು ಹೆಣೆದದ್ದು ಏನನ್ನು? ನೂಲನ್ನೋ, ಬಯಲನ್ನೋ?

ಈ ಪ್ರಶ್ನೆಯನ್ನು ವಿಚಾರಿಸಲು ಎಸ್ಟೋನಿಯ ದೇಶದ ಹಾಪ್ಸಲು ಎಂಬ ಪುಟ್ಟ ಊರಿಗಿಂತ ತಕ್ಕ ಸ್ಥಳ ಮತ್ತೊಂದು ದೊರೆಯುವುದು ಕಷ್ಟ. ಬಾಲ್ಟಿಕ್ ಸಮುದ್ರದ ದಡದಲ್ಲಿರುವ ಈ ಊರಿನಲ್ಲಿ 1825ರಲ್ಲಿ ಮಣ್ಣಿನ ಚಿಕಿತ್ಸೆಯ ಕೇಂದ್ರವೊಂದು ಆರಂಭವಾಯಿತು. ರಷ್ಯನ್ ಸಾಮ್ರಾಜ್ಯದ ರಾಜಧಾನಿಯಾಗಿದ್ದ ಸೇಂಟ್ ಪೀಟರ್ಸ್‌ಬರ್ಗ್‌ನಿಂದಲೂ ಸಿರಿವಂತರು ಬೇಸಿಗೆಯಲ್ಲಿ ಇಲ್ಲಿಗೆ ಬಂದು ತಂಗತೊಡಗಿದರು. ಊರಿನ ಹೆಂಗಸರು ತಾವು ಹೆಣೆದ ಶಾಲುಗಳನ್ನು ಅವರಿಗೆ ಮಾರಿ ಮನೆಯ ಖರ್ಚನ್ನು ತೂಗಿಸಿದರು. ಹೀಗೆ ಹೊಟ್ಟೆಪಾಡಿನ ಕಾಯಕವಾಗಿ ಬೆಳೆದ ಹೆಣಿಗೆಯೇ ಇಂದು ಆ ಊರಿನ ಹೆಸರನ್ನು ಲೋಕಕ್ಕೆ ಪರಿಚಯಿಸಿದೆ.

ಇಂದು ಈ ಶಾಲಿಗೆ ಬಳಸುವ ನೂಲು ಸಾಮಾನ್ಯವಾಗಿ ಮೆರಿನೊ ಕುರಿಯ ಉಣ್ಣೆಯದು. ಮೆರಿನೊ ಮೂಲತಃ ಸ್ಪೇನ್ ದೇಶದಲ್ಲಿ ಪ್ರಸಿದ್ಧವಾದ ತಳಿ. ಈ ಕುರಿಗಳು ಹೊರದೇಶಗಳಿಗೆ ಹೋಗದಂತೆ ಸ್ಪೇನ್ ಬಹುಕಾಲ ಕಾಪಾಡಿಕೊಂಡಿತ್ತು. 18ನೆಯ ಶತಮಾನದಲ್ಲಿ ಆ ಬಿಗಿ ಸಡಿಲವಾಗಿ, 1765ರಲ್ಲಿ ಜರ್ಮನಿಯ ಸ್ಯಾಕ್ಸನಿಗೂ 1797ರಲ್ಲಿ ಆಸ್ಟ್ರೇಲಿಯಕ್ಕೂ ಅವು ತಲುಪಿದವು. ಈ ಉಣ್ಣೆಯ ಎಳೆ ಬಹಳ ತೆಳುವಾದುದು. ಸಾಮಾನ್ಯವಾಗಿ 17ರಿಂದ 22 ಮೈಕ್ರಾನ್ ದಪ್ಪ ಮಾತ್ರ. ಆದ್ದರಿಂದಲೇ ಅದು ಚರ್ಮಕ್ಕೆ ಚುಚ್ಚುವುದಿಲ್ಲ. ಜಾಲರಿ ಶಾಲಿನ ನೂಲಿನಲ್ಲಿ 100 ಗ್ರಾಂ ತೂಕಕ್ಕೆ ಸುಮಾರು 1400 ಮೀಟರ್ ಉದ್ದವಿರುವುದುಂಟು. ಒಂದು ಹಿಡಿಯಲ್ಲಿ ಅಡಗುವ ಉಂಡೆಯೊಳಗೆ ಒಂದೂಕಾಲು ಕಿಲೋಮೀಟರಿಗೂ ಮಿಗಿಲಾದ ದಾರಿ!

ಮಗ್ಗದ ನೇಯ್ಗೆಯಲ್ಲಿ ಹಾಸು ಬೇರೆ, ಹೊಕ್ಕು ಬೇರೆ. ಹೆಣಿಗೆಯಲ್ಲಿ ಇರುವುದು ಒಂದೇ ಎಳೆ. ಅದು ಕುಣಿಕೆಯಾಗಿ, ಆ ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯಾಗಿ ಸಾಲು ಸಾಲಾಗಿ ಮೇಲೇರುತ್ತದೆ. ತೆರವು ಬೇಕಾದ ಕಡೆ ನೂಲನ್ನು ಕಡ್ಡಿಯ ಮೇಲೆ ಸುಮ್ಮನೆ ಒಂದು ಸುತ್ತು ಹಾಕಲಾಗುತ್ತದೆ. ಆಧಾರವಿಲ್ಲದ ಆ ಸುತ್ತಿನ ಕೆಳಗೆ ರಂಧ್ರವೊಂದು ಉಳಿಯುತ್ತದೆ. ಆದರೆ ಅದರಿಂದ ಸಾಲಿಗೆ ಒಂದು ಕುಣಿಕೆ ಹೆಚ್ಚಾಯಿತಲ್ಲವೇ? ಆ ಹೆಚ್ಚಳವನ್ನು ಸರಿದೂಗಿಸಲು ಬೇರೊಂದು ಕಡೆ ಎರಡು ಕುಣಿಕೆಗಳನ್ನು ಸೇರಿಸಿ ಒಂದಾಗಿ ಹೆಣೆಯಬೇಕು. ಎಷ್ಟು ತೆರವುಗಳೋ ಅಷ್ಟು ಕೂಡಿಕೆಗಳು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ರಂಧ್ರ ಹರಿದು ಆದದ್ದಲ್ಲ, ಬಿಟ್ಟುಹೋದದ್ದೂ ಅಲ್ಲ, ಲೆಕ್ಕವಿಟ್ಟು ಸಂಪಾದಿಸಿದ್ದು. ಹರಿದ ಬಟ್ಟೆಗೂ ಜಾಲರಿಗೂ ಇರುವ ಅಂತರ ಇಷ್ಟೇ, ಆದರೆ ಇದೇ ಸರ್ವಸ್ವ.

ಹಾಪ್ಸಲು ಶಾಲಿನ ವಿಶೇಷ ಲಕ್ಷಣವನ್ನು ‘ನುಪ್’ ಎನ್ನುತ್ತಾರೆ. ನುಪ್ ಎಂದರೆ ಗುಬಟು, ಗುಂಡಿ ಎಂದರ್ಥ. ಒಂದೇ ಕುಣಿಕೆಯೊಳಗಿಂದ ಐದು, ಏಳು ಅಥವಾ ಒಂಬತ್ತು ಕುಣಿಕೆಗಳನ್ನು ಸಡಿಲವಾಗಿ ಎಳೆದು, ಮರಳುವ ಸಾಲಿನಲ್ಲಿ ಅವೆಲ್ಲವನ್ನೂ ಒಟ್ಟುಗೂಡಿಸಿ ಮತ್ತೆ ಒಂದಾಗಿಸಿದರೆ ಮೊಗ್ಗಿನಂತಹ ಪುಟ್ಟ ಉಬ್ಬು ಏಳುತ್ತದೆ. ‘ಮೈಕೆಲ್ಲುಕೆ’ ಎಂಬ ಹೆಸರಾಂತ ವಿನ್ಯಾಸದಲ್ಲಿ ಈ ಉಬ್ಬುಗಳೇ ಹೂಗಳು. ಆ ಪದದ ಅರ್ಥ ಮೇ ತಿಂಗಳ ಕಿರುಗಂಟೆ. ಎಳೆಯುವಾಗ ಕೈ ಬಿಗಿಯಾದರೆ ಮರಳುವಾಗ ಕಡ್ಡಿಯ ಮೊನೆ ಒಳಹೊಗದು. ಬಿಗಿದ ಕೈಗೆ ಈ ಹೂವು ಅರಳುವುದಿಲ್ಲ.

ಹಿಂದೆ ಈ ಶಾಲುಗಳನ್ನು ತೂಕದ ಮೇಲೆ ಕೊಳ್ಳುತ್ತಿದ್ದರೆಂದೂ, ನಾಲ್ಕು ಕಾಸು ಹೆಚ್ಚು ಬರಲೆಂದು ಹೆಂಗಸರು ನುಪ್‌ಗಳನ್ನು ಹೆಚ್ಚಿಸಿದರೆಂದೂ ಹೆಣಿಗೆಯವರಲ್ಲಿ ಒಂದು ಮಾತು ಪ್ರಚಲಿತವಾಗಿದೆ. ಈ ಮಾತಿನ ಒಳಗಿರುವ ವಿಪರ್ಯಾಸವನ್ನು ಸಹೃದಯರು ಗಮನಿಸಬೇಕು. ಶಾಲಿನ ಹಿರಿಮೆ ಇರುವುದು ಅದರ ಹಗುರದಲ್ಲಿ. ಇಡೀ ಶಾಲು ಬೆರಳಿನ ಉಂಗುರದೊಳಗೆ ತೂರಿ ಹೊರಬರಬೇಕೆಂಬುದು ಅದರ ಪರೀಕ್ಷೆ. ಬೆಲೆ ಕಟ್ಟುವ ತಕ್ಕಡಿಗೆ ಮಾತ್ರ ಭಾರದ ಭಾಷೆಯಲ್ಲದೆ ಬೇರೊಂದು ತಿಳಿಯದು. ಸಾವಿರಾರು ತೆರವುಗಳನ್ನು ಎಣಿಸಿ ನಿಲ್ಲಿಸಿದ ಕಣ್ಣಿನ ದಣಿವು ಯಾವ ತಟ್ಟೆಯಲ್ಲಿಯೂ ತೂಗುವುದಿಲ್ಲ. ಆದರೂ ಆ ಹೆಂಗಸರು ಭಾರ ಬೇಕೆಂದಾಗ ದಪ್ಪ ನೂಲನ್ನು ಹಿಡಿಯಲಿಲ್ಲ, ಭಾರವನ್ನೇ ಹೂವಾಗಿಸಿದರು.

ಈ ಕೆಲಸದಲ್ಲಿ ಒಂದು ಕುಣಿಕೆ ಜಾರಿದರೆ ಅದು ತಾನೊಂದೇ ಜಾರುವುದಿಲ್ಲ. ಕೆಳಗಿನ ಸಾಲುಗಳನ್ನೂ ಬಿಚ್ಚುತ್ತಾ ಇಳಿಯುತ್ತದೆ. ಆದ್ದರಿಂದ ಅನುಭವಿಗಳು ಸರಿಯಾಗಿ ಮುಗಿದ ಸಾಲೊಂದರ ಎಲ್ಲ ಕುಣಿಕೆಗಳೊಳಗೂ ಬೇರೆ ಬಣ್ಣದ ನುಣುಪಾದ ದಾರವೊಂದನ್ನು ಪೋಣಿಸಿಡುತ್ತಾರೆ. ಮುಂದೆ ಎಡವಿದರೆ ಅಲ್ಲಿಯವರೆಗೆ ಮಾತ್ರ ಬಿಚ್ಚಿದರೆ ಸಾಕು. ಶಾಲು ಮುಗಿದ ಮೇಲೆ ಆ ದಾರವನ್ನು ಎಳೆದು ತೆಗೆಯುತ್ತಾರೆ. ಕಾಪಾಡಿದ ದಾರಕ್ಕೆ ಶಾಲಿನಲ್ಲಿ ಸ್ಥಳವಿಲ್ಲ.

ನಡುವಣ ಭಾಗವನ್ನು ಹೆಣೆದಾದ ಮೇಲೆ, ಬೇರೆಯಾಗಿ ಹೆಣೆದ ಅಂಚನ್ನು ಸುತ್ತಲೂ ಹೊಲಿಯುತ್ತಾರೆ. ಇಷ್ಟಾದರೂ ಕೈಯಲ್ಲಿರುವುದು ಮುದುಡಿದ ಉಣ್ಣೆಯ ಮುದ್ದೆಯೇ. ಬಿಸಿನೀರಿನಲ್ಲಿ ತಿಕ್ಕಿದರೆ ಉಣ್ಣೆಯ ಮೇಲ್ಮೈಯ ಸೂಕ್ಷ್ಮ ಹುರುಪೆಗಳು ಒಂದಕ್ಕೊಂದು ಸಿಕ್ಕಿ ಶಾಲು ಗಟ್ಟಿಕಟ್ಟಿ ಹಾಳಾಗುತ್ತದೆ. ಉಗುರುಬೆಚ್ಚನೆಯ ನೀರಿನಲ್ಲಿ ಮೆಲ್ಲನೆ ನೆನೆಸಿ, ಹಿಂಡದೆ ನೀರಿಳಿಸಿ, ಚೌಕಟ್ಟಿನ ಮೇಲೆ ನಾಲ್ಕೂ ಕಡೆ ಎಳೆದು ಕಟ್ಟಿ ಒಣಗಿಸಬೇಕು. ಆಗ ಮುಚ್ಚಿಕೊಂಡಿದ್ದ ರಂಧ್ರಗಳು ಒಂದೊಂದಾಗಿ ಕಣ್ತೆರೆಯುತ್ತವೆ. ಅಷ್ಟು ದಿನ ಹೆಣೆದವಳು ತನ್ನ ಶಾಲಿನ ಪೂರ್ಣರೂಪವನ್ನು ಕಾಣುವುದು ಅಂದೇ ಮೊದಲು. ಅಲ್ಲಿಯವರೆಗೆ ಆಕೆಗೆ ಆಸರೆಯಾಗಿದ್ದುದು ಎಣಿಕೆಯ ನಿಷ್ಠೆಯೊಂದೇ.

ಎರಡನೆಯ ಮಹಾಯುದ್ಧವೂ 1991ರವರೆಗಿನ ಸೋವಿಯತ್ ಆಳ್ವಿಕೆಯೂ ಆ ನಾಡನ್ನು ಹಾದುಹೋದವು. ಶಾಲು ಕೊಳ್ಳುತ್ತಿದ್ದ ಸಿರಿವಂತರ ಸಾಮ್ರಾಜ್ಯವೇ ಅಳಿಯಿತು. ಹೆಣಿಗೆ ಮಾತ್ರ ಕೈಯಿಂದ ಕೈಗೆ ದಾಟಿ ಉಳಿಯಿತು. ಮೊದಲ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ನೂಲನ್ನು ಬಿಟ್ಟು ಬಯಲನ್ನು ಹೆಣೆಯಲಾಗದು. ಬಯಲಿಗೆ ಎಡೆಗೊಡದ ನೂಲು ಹೂವಾಗದು. ಎರಡನ್ನೂ ಸಮವಾಗಿ ಎಣಿಸಬಲ್ಲ ಕೈ ಇರುವವರೆಗೆ ಈ ಶಾಲು ಇರುತ್ತದೆ. ಅಂತಹ ಕೈಯ ಮುಂದೆ ಕೊಳ್ಳುವವರು ಬೆಲೆಯ ಮಾತನ್ನಾಡುವಾಗ, ತೂಕವನ್ನು ಕೇಳುವ ಮೊದಲು ಶಾಲನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡುವುದು ಒಳಿತು.