ಗೋಡೆಯಿಲ್ಲದ ಮನೆಗಳ ನಾಡಿನಿಂದ

ಶಾಂತಸಾಗರದ ದಕ್ಷಿಣ ಭಾಗದಲ್ಲಿ, ಜ್ವಾಲಾಮುಖಿಯ ಕರಿಕಲ್ಲಿನ ಮೇಲೆ ತೆಂಗು, ದೀವಿಹಲಸುಗಳನ್ನು ಹೊತ್ತು ನಿಂತಿರುವ ದ್ವೀಪಸಮೂಹ ಸಮೋವ. ಅಲ್ಲಿಯ ಸಾಂಪ್ರದಾಯಿಕ ಮನೆಗೆ ಗೋಡೆಯೆಂಬುದಿಲ್ಲ. ಸುತ್ತಲೂ ಕಂಬಗಳು, ಮೇಲೆ ಗುಮ್ಮಟದಂತಹ ಸೂರು, ಅಷ್ಟೆ. ಊರ ಹಿರಿಯರು ಸಭೆ ಸೇರಿದಾಗ ಪದವಿಗೆ ತಕ್ಕ ಕಂಬ ಅವರವರಿಗೆ ಮೀಸಲು. ಅದಕ್ಕೆ ಬೆನ್ನು ಆನಿಸಿ ಚಕ್ಕಳಮಕ್ಕಳ ಹಾಕಿ ಕುಳಿತರೆಂದರೆ ‘ಅವ’ ಪಾನದ ವಿಧಿಗೆ ಮೊದಲು. ನಮ್ಮ ಮಲೆನಾಡಿನ ಮೆಣಸಿನ ಬಳ್ಳಿಯ ಕುಲಕ್ಕೇ ಸೇರಿದ ಗಿಡವೊಂದರ ಬೇರನ್ನು ಕುಟ್ಟಿ, ನೀರಿನಲ್ಲಿ ಕಲಸಿ, ನಾರಿನ ಕುಚ್ಚಿನಿಂದ ಸೋಸಿ, ತೆಂಗಿನ ಕರಟದಲ್ಲಿ ಹಂಚುತ್ತಾರೆ. ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬ ಕ್ರಮದಲ್ಲಿ ಎಳ್ಳಷ್ಟೂ ತಪ್ಪುವಂತಿಲ್ಲ. ಕರಟವನ್ನು ಒಯ್ಯುವ ತರುಣನ ನಡೆಯಲ್ಲಿರುವ ಗಾಂಭೀರ್ಯವನ್ನು ನೃತ್ಯವೆನ್ನದೆ ಬೇರೇನೆನ್ನಬೇಕು?

ಇಂತಹ ಸಮೋವದಲ್ಲಿ ಹುಟ್ಟಿ, ‘ಸಾಲ’ ಎಂಬ ಮುಖಂಡ ಪದವಿಯನ್ನು ಪಡೆದ ಲೆಮಿ ಪೋನಿಫಾಸಿಯೋ 1995ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ನೃತ್ಯನಾಟಕ ತಂಡವೊಂದನ್ನು ಕಟ್ಟಿದರು. ಅದರ ಹೆಸರು ‘ಮೌ’. ಅಚಲವಾದ ನಿಲುವು ಎಂದು ಅರ್ಥ. ಈ ಹೆಸರಿನ ಹಿಂದೆ ರಕ್ತದ ಕಲೆಯಿದೆ. 1914ರಿಂದ ಸಮೋವವನ್ನು ಆಳುತ್ತಿದ್ದುದು ನ್ಯೂಜಿಲೆಂಡ್. 1918ರ ನವೆಂಬರಿನಲ್ಲಿ ಆಕ್ಲೆಂಡಿನಿಂದ ಬಂದ ಹಡಗನ್ನು ಅಧಿಕಾರಿಗಳು ತಡೆದಿರಿಸಲಿಲ್ಲ. ಅದು ತಂದ ಇನ್‌ಫ್ಲುಯೆಂಜಾ ಜ್ವರಕ್ಕೆ ಜನಸಂಖ್ಯೆಯ ಐದನೆಯ ಒಂದು ಪಾಲು ಬಲಿಯಾಯಿತು. ಆ ನೋವಿನಿಂದ ಬಲಗೊಂಡ ಶಾಂತಿಯುತ ಸ್ವಾತಂತ್ರ್ಯ ಚಳವಳಿಯೇ ‘ಮೌ’. 1929ರ ಡಿಸೆಂಬರ್ 28ರಂದು ರಾಜಧಾನಿ ಆಪಿಯದ ಬೀದಿಯಲ್ಲಿ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ಶಾಂತಿ, ಶಾಂತಿ ಎಂದು ಜನರನ್ನು ಸಂತೈಸುತ್ತಿದ್ದ ನಾಯಕ ತುಪುವ ತಮಸೆಸೆಯೇ ಗುಂಡೇಟಿಗೆ ಗುರಿಯಾಗಿ ಮಡಿದನು. ದೇಶ ಸ್ವತಂತ್ರವಾದದ್ದು 1962ರಲ್ಲಿ.

ಹುಲ್ಲುಲಂಗದ ಬಳುಕಾಟವನ್ನು ಬಯಸಿ ಬಂದ ಪ್ರೇಕ್ಷಕನಿಗೆ ಪೋನಿಫಾಸಿಯೋರವರ ರಂಗದಲ್ಲಿ ನಿರಾಶೆ ಕಾದಿರುತ್ತದೆ. ಆಗಲಿ, ಅದು ಒಳ್ಳೆಯದೇ! ಅಲ್ಲಿ ಕತ್ತಲೆಯೇ ಹೆಚ್ಚು. ಕಪ್ಪುಡುಗೆಯ ನರ್ತಕರು ಕಾಲು ನೆಲಕ್ಕೆ ತಾಕಿತೋ ಇಲ್ಲವೋ ಎಂಬಂತೆ ಪುಟ್ಟ ಪುಟ್ಟ ಹೆಜ್ಜೆಗಳಲ್ಲಿ ಜಾರುತ್ತಾರೆ. ಒಮ್ಮೆಲೇ ಎದೆ, ತೊಡೆಗಳನ್ನು ತಟ್ಟಿದ ಸದ್ದು ಮೌನವನ್ನು ಸೀಳುತ್ತದೆ.

2010ರ ‘ಆಕಾಶದ ಕನ್ನಡಿ ಹೊತ್ತ ಹಕ್ಕಿಗಳು’ ಎಂಬ ಕೃತಿಯ ಬೀಜ ಸಿಕ್ಕಿದ್ದು ಕಿರಿಬಾಸ್ ದೇಶದ ತರಾವದಲ್ಲಿ. ಸಮುದ್ರಮಟ್ಟಕ್ಕಿಂತ ಎರಡು ಮೂರು ಮೀಟರು ಮಾತ್ರ ಎತ್ತರದ ಹವಳದ ನೆಲ ಅದು. ಕಡಲು ಏರುತ್ತಿದೆ, ಜನ ಹೋಗುವುದೆಲ್ಲಿಗೆ? ಅಲ್ಲಿ ಫ್ರಿಗೇಟ್ ಎಂಬ ಕಡಲಹಕ್ಕಿಗಳು ಕೊಕ್ಕಿನಲ್ಲಿ ಏನನ್ನೋ ಕಚ್ಚಿ ಹಾರುತ್ತಿದ್ದುದು ಪೋನಿಫಾಸಿಯೋರವರ ಕಣ್ಣಿಗೆ ಬಿತ್ತು. ಬಿಸಿಲಿಗೆ ಕನ್ನಡಿಯಂತೆ ಹೊಳೆಯುತ್ತಿದ್ದ ಅದು ಯಾರೋ ಎಸೆದ ವೀಡಿಯೊ ಸುರುಳಿಯ ಪಟ್ಟಿ. ಕಿರಿಬಾಸಿನ ಜನಕ್ಕೆ ಆ ಹಕ್ಕಿ ಹೊಸತಲ್ಲ. ಅವರ ಹಳೆಯ ನೃತ್ಯದಲ್ಲಿ ಅಗಲವಾಗಿ ಚಾಚಿದ ತೋಳು, ಥಟ್ಟನೆ ತಿರುಗುವ ಕತ್ತು ಎರಡೂ ಅದರವೇ.